ಎರಡು ದೇಶ, ಒಂದು ಬಂದರು: ನಾರ್ತ್ ಸೀ ಪೋರ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಲ್ಜಿಯಂನ ಗೆಂಟ್‌ನಲ್ಲಿ ಸರಕು ಸಾಗಣೆ ಕೆಲಸ ಮಾಡುತ್ತೇನೆ. ಊರಿಂದ ಫೋನ್ ಬಂದರೆ ಇಲ್ಲಿನ ಬಂದರಿನ ಮಾತು ಬಂದೇ ಬರುತ್ತದೆ. ಇಲ್ಲಿಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರೂ ಕೇಳುತ್ತಾರೆ, ಇಮೇಲ್ ಬರೆಯುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

## ಮೊದಲ ಪರಿಚಯ

ಒಂದೇ ಬಂದರು ಎರಡು ದೇಶದಲ್ಲಿ ಹೇಗೆ ಇರುತ್ತೆ? ಗಡಿ ಮಧ್ಯೆ ಬರಲ್ವಾ?

ಬರುತ್ತದೆ. ನಾರ್ತ್ ಸೀ ಪೋರ್ಟ್‌ನ ಉತ್ತರ ತುದಿಯಲ್ಲಿ ನೆದರ್ಲೆಂಡ್ಸ್‌ನ ಫ್ಲಿಸಿಂಗನ್ ಇದೆ, ದಕ್ಷಿಣ ತುದಿಯಲ್ಲಿ ಬೆಲ್ಜಿಯಂನ ಗೆಂಟ್. ನಡುವೆ ನೆದರ್ಲೆಂಡ್ಸ್‌ನದೇ ಇನ್ನೊಂದು ಊರು, ಟರ್ನ್ಯೂಜನ್. ತುದಿಯಿಂದ ತುದಿಗೆ ಸುಮಾರು 60 ಕಿಲೋಮೀಟರ್. ಮಂಗಳೂರಿನಿಂದ ಉಡುಪಿಗೆ ಹೋದಷ್ಟು ದೂರ ಅಂದುಕೊಳ್ಳಿ.

ಬಂದರು ಅಂದರೆ ಒಂದು ಗೇಟು, ಅದರೊಳಗೆ ನಾಲ್ಕು ಧಕ್ಕೆ ಅಂತ ನಮ್ಮ ಕಣ್ಣಿಗೆ ಬರುತ್ತದೆ. ಇಲ್ಲಿ ಹಾಗಿಲ್ಲ. ನದೀಮುಖದ ಎರಡೂ ದಡ, ಅಲ್ಲಿಂದ ಒಳನಾಡಿಗೆ ಹೋಗುವ ಒಂದು ಕಾಲುವೆ, ಕಾಲುವೆಯ ಎರಡೂ ಬದಿಯ ಧಕ್ಕೆಗಳು ಮತ್ತು ಕಾರ್ಖಾನೆಗಳು, ಇಷ್ಟೂ ಸೇರಿ ಬಂದರು. ಬೆಲ್ಜಿಯಂನ ಜೆಲ್ಜಾಟೆ ಮತ್ತು ನೆದರ್ಲೆಂಡ್ಸ್‌ನ ಸಾಸ್ ಫಾನ್ ಗೆಂಟ್ ಎಂಬ ಊರುಗಳ ನಡುವೆ ಗಡಿ ಕಾಲುವೆಯನ್ನು ದಾಟುತ್ತದೆ. ಹಡಗು ಅಲ್ಲಿ ನಿಲ್ಲುವುದಿಲ್ಲ, ಸುಮ್ನೆ ಮುಂದೆ ಹೋಗುತ್ತದೆ.

ಗೆಂಟ್ ಸಮುದ್ರದ ದಡದಲ್ಲೇ ಇಲ್ಲವಲ್ಲ, ಅಷ್ಟು ದೊಡ್ಡ ಹಡಗು ಅಲ್ಲಿಗೆ ಹೇಗೆ ಬರುತ್ತೆ?

ಗೆಂಟ್–ಟರ್ನ್ಯೂಜನ್ ಕಾಲುವೆಯ ಮೂಲಕ. ಉದ್ದ ಸುಮಾರು 32 ಕಿಲೋಮೀಟರ್. ಸರಿಸುಮಾರು ಅರ್ಧ ಬೆಲ್ಜಿಯಂನಲ್ಲಿ, ಅರ್ಧ ನೆದರ್ಲೆಂಡ್ಸ್‌ನಲ್ಲಿ. ಹಡಗು ಮೊದಲು ಉತ್ತರ ಸಮುದ್ರದಿಂದ ವೆಸ್ಟರ್ನ್ ಸ್ಕೆಲ್ಡ್ ನದೀಮುಖಕ್ಕೆ ಬರುತ್ತದೆ. ಟರ್ನ್ಯೂಜನ್ ಹತ್ತಿರ ಬಲಕ್ಕೆ ತಿರುಗಿ ಒಂದು ಲಾಕ್‌ನೊಳಗೆ ಹೋಗುತ್ತದೆ.

ಲಾಕ್ ಅಂದರೆ ಎರಡೂ ತುದಿಗೆ ಗೇಟು ಇರುವ ನೀರಿನ ಕೋಣೆ. ಹೊರಗಿನ ನದಿಯಲ್ಲಿ ಉಬ್ಬರ ಇಳಿತಕ್ಕೆ ನೀರಿನ ಮಟ್ಟ ಸುಮಾರು 4 ಮೀಟರ್ ಏರುತ್ತದೆ, ಇಳಿಯುತ್ತದೆ. ಒಳಗಿನ ಕಾಲುವೆಯಲ್ಲಿ ಮಟ್ಟ ಒಂದೇ ಇರಬೇಕು. ಅದಕ್ಕೇ ಹಡಗನ್ನು ಕೋಣೆಗೆ ತಂದು, ಹಿಂದಿನ ಗೇಟು ಮುಚ್ಚಿ, ನೀರು ಸರಿದೂಗಿಸಿ, ಮುಂದಿನ ಗೇಟು ತೆರೆಯುತ್ತಾರೆ. ತೀರಾ ಭಾರದ ಹಡಗಾದರೆ ನದಿಯಲ್ಲೇ ಸ್ವಲ್ಪ ಸರಕನ್ನು ಬಾರ್ಜ್‌ಗಳಿಗೆ (ಚಪ್ಪಟೆ ತಳದ ಸರಕು ದೋಣಿಗಳಿಗೆ) ಇಳಿಸಿ, ಹಗುರವಾಗಿ ಒಳಗೆ ಬರುತ್ತದೆ.

ಈ ಕಾಲುವೆ ತೋಡಿಸಿದ್ದು ಯಾರು?

ಈಗಿರುವ ಕಾಲುವೆ ತೋಡಿಸಿದ್ದು ದೊರೆ ಒಂದನೇ ವಿಲಿಯಂ, 1823ರಿಂದ 1827ರ ನಡುವೆ. ಆಗ ಇವು ಎರಡು ದೇಶ ಆಗಿರಲಿಲ್ಲ. ನೆಪೋಲಿಯನ್ ಸೋತ ಮೇಲೆ ಇವತ್ತಿನ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಒಂದೇ ರಾಜ್ಯದಲ್ಲಿದ್ದವು. ಗೆಂಟ್‌ನ ಬಟ್ಟೆ ಗಿರಣಿಗಳಿಗೆ ಸಮುದ್ರದ ದಾರಿ ಬೇಕಿತ್ತು, ದೊರೆ ಮಾಡಿಸಿಕೊಟ್ಟ.

ಮೂರೇ ವರ್ಷ. 1830ರಲ್ಲಿ ಬೆಲ್ಜಿಯಂ ಸಿಡಿದು ಬೇರೆಯಾಯಿತು. ಕಾಲುವೆಯ ಬಾಯಿ ಡಚ್ಚರ ಕೈಯಲ್ಲಿ ಉಳಿಯಿತು. ಅವರು ದಾರಿ ಮುಚ್ಚಿದರು, ಮತ್ತೆ ತೆರೆದದ್ದು 1841ರಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಗೆಂಟ್ ತನ್ನ ಮನೆ ಬಾಗಿಲ ಕೀಲಿ ಪಕ್ಕದ ಮನೆಯವರ ಹತ್ತಿರ ಬಿಟ್ಟು ಬದುಕಬೇಕಾಯಿತು.

ಅದಕ್ಕೂ ಹಿಂದೆ, 16ನೇ ಶತಮಾನದಲ್ಲಿ, ಐದನೇ ಚಾರ್ಲ್ಸ್ ಚಕ್ರವರ್ತಿಯ ಕಾಲದಲ್ಲೂ ಗೆಂಟ್‌ನವರು ಸಮುದ್ರದ ಕಡೆಗೆ ಒಂದು ಕಾಲುವೆ ತೋಡಿದ್ದರು. ಸಾಸ್ ಫಾನ್ ಗೆಂಟ್ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಸಾಸ್ ಅಂದರೆ ಲಾಕ್. ಊರು ಈಗ ನೆದರ್ಲೆಂಡ್ಸ್‌ನಲ್ಲಿದೆ, ಹೆಸರಿನಲ್ಲಿ ಮಾತ್ರ ಗೆಂಟ್ ಹಾಗೇ ಉಳಿದಿದೆ. ಗಡಿಗಿಂತ ಕಾಲುವೆಗೆ ವಯಸ್ಸು ಜಾಸ್ತಿ. ಈ ಬಂದರಿನ ಬಗ್ಗೆ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಮುಂದಿನದೆಲ್ಲ ಇದರಿಂದಲೇ ಬಿಡಿಸಿಕೊಳ್ಳುತ್ತದೆ.

ಪಕ್ಕದಲ್ಲೇ ಆಂಟ್‌ವರ್ಪ್, ರಾಟರ್‌ಡ್ಯಾಮ್ ಇವೆ. ಇದು ಯಾಕೆ ಬೇಕು?

ಆ ಎರಡೂ ಕಂಟೇನರ್‌ಗೆ ಹೆಸರಾದವು. ಇಲ್ಲಿ ಕಂಟೇನರ್ ಕಡಿಮೆ. ಬರುವುದು ಹೆಚ್ಚಾಗಿ ರಾಶಿ ಸರಕು: ಕಬ್ಬಿಣದ ಅದಿರು, ಕಲ್ಲಿದ್ದಲು, ಧಾನ್ಯ, ಎಣ್ಣೆ, ರಾಸಾಯನಿಕ, ಕಾಗದದ ತಿರುಳು. ಹಣ್ಣು ಬರುತ್ತದೆ, ಬ್ರೆಜಿಲ್‌ನಿಂದ ಕಿತ್ತಳೆ ರಸ ಹಡಗಿನ ಟ್ಯಾಂಕ್‌ಗಳಲ್ಲೇ ಬರುತ್ತದೆ. ಸಮುದ್ರದ ಹಡಗುಗಳಲ್ಲೇ ವರ್ಷಕ್ಕೆ 6ರಿಂದ 7 ಕೋಟಿ ಟನ್‌ನ ಆಸುಪಾಸು ಸರಕು ಓಡಾಡುತ್ತದೆ. ಬಾರ್ಜ್‌ಗಳ ಲೆಕ್ಕ ಬೇರೆ, ಅದೂ ಹೆಚ್ಚುಕಡಿಮೆ ಅಷ್ಟೇ ಇದೆ.

ಬಂದ ಸರಕಿನ ದೊಡ್ಡ ಪಾಲು ಧಕ್ಕೆಯ ಹಿಂದಿನ ಕಾರ್ಖಾನೆಗೇ ಹೋಗುತ್ತದೆ. ಆದ್ದರಿಂದ ಇದನ್ನು ಕಾರ್ಖಾನೆಗಳ ಬಂದರು ಅಂತ ನೋಡಿದರೆ ಬೇಗ ಅರ್ಥವಾಗುತ್ತದೆ.

## ಗಡಿ, ಕಾನೂನು, ಆಡಳಿತ

2018ರಲ್ಲಿ ಯಾಕೆ ಒಂದಾದರು? ಯಾರದ್ದು ಎಷ್ಟು ಪಾಲು?

ಅಲ್ಲಿಯವರೆಗೆ ಎರಡು ಸಂಸ್ಥೆ ಇದ್ದವು. ಫ್ಲಿಸಿಂಗನ್ ಮತ್ತು ಟರ್ನ್ಯೂಜನ್ ನೋಡಿಕೊಳ್ಳುತ್ತಿದ್ದದ್ದು ಜೇಲಂಡ್ ಸೀಪೋರ್ಟ್ಸ್. ಗೆಂಟ್‌ಗೆ ತನ್ನದೇ ಬಂದರು ಕಂಪನಿ ಇತ್ತು. 2017ರ ಡಿಸೆಂಬರ್‌ನಲ್ಲಿ ಸಹಿ ಹಾಕಿದರು, 2018ರ ಜನವರಿ 1ರಿಂದ ಲೆಕ್ಕ ಒಂದಾಯಿತು.

ಕಾರಣ ಸರಳ. ಫ್ಲಿಸಿಂಗನ್‌ನಲ್ಲಿ ಲಾಕ್ ಇಲ್ಲದೆ ನೇರ ಸಿಗುವ ಆಳವಾದ ನೀರು ಇತ್ತು. ಗೆಂಟ್‌ನ ಹಿಂದೆ ರೈಲು, ಹೆದ್ದಾರಿ, ಫ್ರಾನ್ಸ್ ಕಡೆಗೆ ಹೋಗುವ ಒಳನಾಡಿನ ಜಲಮಾರ್ಗ ಇದ್ದವು. ಒಬ್ಬರ ಕೊರತೆ ಇನ್ನೊಬ್ಬರ ಹತ್ತಿರ ತುಂಬಿತ್ತು. ಒಂದೇ ಕಾಲುವೆಯ ಮೇಲಿದ್ದು ಒಂದೇ ಗಿರಾಕಿಗೆ ಇಬ್ಬರೂ ದರ ಇಳಿಸುತ್ತಾ ಕೂರುವುದರಲ್ಲಿ ಯಾರಿಗೂ ಲಾಭ ಇರಲಿಲ್ಲ.

ಪಾಲು ಎರಡೂ ದೇಶಕ್ಕೆ ಅರ್ಧರ್ಧ. ಡಚ್ ಕಡೆಯ ಅರ್ಧ ಜೇಲಂಡ್ ಪ್ರಾಂತ್ಯ ಮತ್ತು ಬೋರ್ಸೆಲೆ, ಟರ್ನ್ಯೂಜನ್, ಫ್ಲಿಸಿಂಗನ್ ಎಂಬ ಮೂರು ಸ್ಥಳೀಯ ಆಡಳಿತಗಳದ್ದು. ಬೆಲ್ಜಿಯಂ ಕಡೆಯ ಅರ್ಧದಲ್ಲಿ ಬಹುಪಾಲು ಗೆಂಟ್ ನಗರದ್ದು. ಏವರ್ಗೆಮ್, ಜೆಲ್ಜಾಟೆ ಮತ್ತು ಪೂರ್ವ ಫ್ಲಾಂಡರ್ಸ್ ಪ್ರಾಂತ್ಯಕ್ಕೆ ಸಣ್ಣ ಪಾಲು. ಎಂಟೂ ಮಾಲೀಕರು ಸಾರ್ವಜನಿಕ ಸಂಸ್ಥೆಗಳು. ನನಗೆ ಇದರಲ್ಲಿ ಬಹಳ ಹಿಡಿಸುವುದು ಇದೇ. ಅವರ ಜನ ಪ್ರಶ್ನೆ ಕೇಳಬಹುದು, ಮತ ಹಾಕಿ ಬದಲಿಸಬಹುದು.

ಎರಡನ್ನೂ ಸೇರಿಸಿ ಮಾಡಿದ ಕಂಪನಿ ಯುರೋಪಿಯನ್ ಕಂಪನಿ ಎಂಬ ಕಾನೂನು ರೂಪದಲ್ಲಿದೆ. ಯುರೋಪಿಯನ್ ಒಕ್ಕೂಟದಲ್ಲಿ ಒಂದು ದೇಶಕ್ಕಿಂತ ಹೆಚ್ಚು ಕಡೆ ನಡೆಯುವ ಕಂಪನಿಗೆಂದೇ ಮಾಡಿದ ರೂಪ ಅದು.

ಹಾಗಾದ್ರೆ ಅಲ್ಲಿ ಯಾರ ಕಾನೂನು ನಡೆಯುತ್ತೆ?

ಆಯಾ ನೆಲದ್ದು. ಬಂದರು ಒಂದಾಯಿತು, ಕಾನೂನು ಒಂದಾಗಿಲ್ಲ. ತೆರಿಗೆ, ಪರಿಸರ ಅನುಮತಿ, ಪೊಲೀಸ್, ಎಲ್ಲ ಬೇರೆ ಬೇರೆ.

ಜಾಸ್ತಿ ಎದ್ದು ಕಾಣುವುದು ಧಕ್ಕೆಯ ಕೂಲಿಯಲ್ಲಿ. ಬೆಲ್ಜಿಯಂನಲ್ಲಿ 1972ರ ಮೇಜರ್ ಕಾಯ್ದೆ ಇದೆ. ಅಂದಿನ ಮಂತ್ರಿ ಲೂಯಿ ಮೇಜರ್ ಹೆಸರಿನದು. ಬಂದರು ಪ್ರದೇಶದಲ್ಲಿ ಸರಕು ಹತ್ತಿಸಿ ಇಳಿಸುವ ಕೆಲಸವನ್ನು ಮಾನ್ಯತೆ ಪಡೆದ ಕಾರ್ಮಿಕರೇ ಮಾಡಬೇಕು ಅನ್ನುತ್ತದೆ. ಗಡಿಯ ಆಚೆ ಅಂಥ ಕಾಯ್ದೆ ಇಲ್ಲ. ಒಂದೇ ಬಂದರಿನ ಎರಡು ಧಕ್ಕೆಗಳಲ್ಲಿ ಒಂದೇ ಥರದ ಕೆಲಸಕ್ಕೆ ಎರಡು ಥರದ ನಿಯಮ. ಮಾಲೀಕರು ಇದನ್ನು ಕಿರಿಕಿರಿ ಅನ್ನುತ್ತಾರೆ. ಕಾರ್ಮಿಕರಿಗೆ ಅದು ಹೋರಾಡಿ ಪಡೆದ ಭದ್ರತೆ. ನನ್ನ ಮನಸ್ಸು ಕಾರ್ಮಿಕರ ಕಡೆಗಿದೆ.

ನದಿಯ ಮೇಲಿನ ವ್ಯವಸ್ಥೆ ಮಾತ್ರ ಜಂಟಿ, ಅದೂ ಹಳೆಯದು. 1839ರ ಒಪ್ಪಂದದಲ್ಲೇ ಸ್ಕೆಲ್ಡ್ ನದಿಯ ಹಡಗು ಸಂಚಾರವನ್ನು ಎರಡೂ ದೇಶ ಸೇರಿ ನೋಡಿಕೊಳ್ಳಬೇಕು ಅಂತ ಬರೆದಿದ್ದಾರೆ. ಇವತ್ತಿಗೂ ಹಡಗಿಗೆ ದಾರಿ ತೋರಿಸುವ ಪೈಲಟ್‌ಗಳಲ್ಲಿ ಡಚ್ಚರೂ ಇದ್ದಾರೆ, ಫ್ಲೆಮಿಶ್ ಜನರೂ (ಬೆಲ್ಜಿಯಂನ ಡಚ್ ಮಾತಾಡುವವರು) ಇದ್ದಾರೆ.

ಗಡಿ ದಾಟೋಕೆ ಪಾಸ್‌ಪೋರ್ಟ್ ತೋರಿಸ್ಬೇಕಾ?

ಎರಡೂ ಷೆಂಗೆನ್ ದೇಶಗಳು, ಅಂದರೆ ತಮ್ಮ ನಡುವಿನ ಗಡಿಯನ್ನು ತೆರೆದಿಟ್ಟ ಗುಂಪಿನವು. ಗಡಿಯಲ್ಲಿ ಕಾಯಂ ತಪಾಸಣೆ ಕಟ್ಟೆ ಇಲ್ಲ. ಆದರೂ ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳಿ.

ಎರಡು ಕಡೆ ಜನರ ಮಧ್ಯೆ ಭಾಷೆ ತೊಂದರೆ ಆಗಲ್ವಾ?

ಇಲ್ಲ, ಎರಡೂ ಕಡೆ ಡಚ್ ಭಾಷೆಯೇ. ಬೆಲ್ಜಿಯಂನ ಈ ಭಾಗ ಫ್ಲಾಂಡರ್ಸ್. ಗಡಿಯಾಚೆಗಿನ ನೆಲದ ಹೆಸರೂ ಜೇಲಂಡ್‌ನ ಫ್ಲಾಂಡರ್ಸ್ ಅಂತಲೇ. ಈ ತುಂಡು ನೆದರ್ಲೆಂಡ್ಸ್‌ನ ಉಳಿದ ಭಾಗದಿಂದ ನದೀಮುಖದ ಈಚೆ ಬಿದ್ದಿದೆ. ನದೀಮುಖದ ಕೆಳಗೆ 6.6 ಕಿಲೋಮೀಟರ್ ಉದ್ದದ ಸುರಂಗ ರಸ್ತೆ ತೆರೆದದ್ದು 2003ರಲ್ಲಿ. ಅದಕ್ಕೆ ಮುಂಚೆ ಟರ್ನ್ಯೂಜನ್‌ನವರು ತಮ್ಮದೇ ಪ್ರಾಂತ್ಯದ ರಾಜಧಾನಿಗೆ ಹೋಗಲು ದೋಣಿ ಕಾಯಬೇಕಿತ್ತು, ಇಲ್ಲವೇ ಬೆಲ್ಜಿಯಂ ಸುತ್ತಿ ಹೋಗಬೇಕಿತ್ತು. ಅವರಿಗೆ ಗೆಂಟ್ ಹತ್ತಿರ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

## ಕಾರ್ಖಾನೆಗಳು

ಅಲ್ಲಿ ಏನೇನು ತಯಾರಾಗುತ್ತೆ?

ಗೆಂಟ್‌ನಿಂದ ಉತ್ತರಕ್ಕೆ ಸೈಕಲ್ ಹತ್ತಿ ಹೊರಟಿದ್ದೀರಿ ಅಂದುಕೊಳ್ಳಿ. ಮೊದಲು ಸಿಗುವುದು ವೋಲ್ವೊ ಕಾರು ಮತ್ತು ಲಾರಿ ಕಾರ್ಖಾನೆಗಳು. ಕಾರಿನದು 1965ರಿಂದ ಇದೆ. ಮುಂದೆ ಲಾಂಗರ್‌ಬ್ರುಗ್ಗೆಯಲ್ಲಿ ಹಳೆ ಪೇಪರ್‌ನಿಂದ ಹೊಸ ಪೇಪರ್ ಮಾಡುವ ಗಿರಣಿ. ಆಮೇಲೆ ಬಲಗಡೆ ಆರ್ಸೆಲರ್‌ಮಿತ್ತಲ್‌ನ ಉಕ್ಕಿನ ಕಾರ್ಖಾನೆ. 1962ರಲ್ಲಿ ಸಿಡ್ಮಾರ್ ಎಂಬ ಹೆಸರಿನಲ್ಲಿ ಶುರುವಾದದ್ದು. ಇಲ್ಲಿನ ಹಿರಿಯರು ಈಗಲೂ ಹಾಗೇ ಕರೆಯುತ್ತಾರೆ. ಎರಡು ಬ್ಲಾಸ್ಟ್ ಫರ್ನೇಸ್, ಅಂದರೆ ಅದಿರು ಕರಗಿಸುವ ದೊಡ್ಡ ಕುಲುಮೆ ಇವೆ, ರಾತ್ರಿ ಆಕಾಶ ಕೆಂಪಾಗುವುದು ದೂರದಿಂದಲೇ ಕಾಣುತ್ತದೆ.

ಗಡಿ ದಾಟಿದರೆ ಸ್ಲೌಸ್ಕಿಲ್‌ನಲ್ಲಿ ಯಾರಾ ಎಂಬ ಕಂಪನಿಯ ಗೊಬ್ಬರದ ಕಾರ್ಖಾನೆ, ಯುರೋಪಿನಲ್ಲೇ ದೊಡ್ಡ ಅಮೋನಿಯಾ ಘಟಕಗಳಲ್ಲಿ ಒಂದು. ಟರ್ನ್ಯೂಜನ್‌ನಲ್ಲಿ ಡೌ ಕಂಪನಿಯ ಪ್ಲಾಸ್ಟಿಕ್ ಮತ್ತು ರಾಸಾಯನಿಕ ಘಟಕ. ನದಿಯಾಚೆ ಫ್ಲಿಸಿಂಗನ್ ಕಡೆ ತೈಲ ಶುದ್ಧೀಕರಣ ಘಟಕ, 1973ರಿಂದ ನಡೆಯುತ್ತಿರುವ ಬೋರ್ಸೆಲೆ ಅಣು ವಿದ್ಯುತ್ ಸ್ಥಾವರ, ಸಮುದ್ರದಲ್ಲಿ ನಿಲ್ಲಿಸುವ ಗಾಳಿಯಂತ್ರದ ಭಾಗಗಳನ್ನು ಒಟ್ಟುಮಾಡಿ ಕಳಿಸುವ ಧಕ್ಕೆಗಳು.

ಒಟ್ಟು 500ಕ್ಕೂ ಹೆಚ್ಚು ಕಂಪನಿ. ನೇರ, ಪರೋಕ್ಷ ಎರಡೂ ಸೇರಿದರೆ ಲಕ್ಷದ ಹತ್ತಿರ ಜನರ ಅನ್ನ.

ಒಂದು ಕಾರ್ಖಾನೆ ಬಿಟ್ಟದ್ದು ಇನ್ನೊಂದಕ್ಕೆ ಕಚ್ಚಾವಸ್ತು ಅಂತಾರಲ್ಲ, ನಿಜಾನಾ?

ನಿಜ. ಇದನ್ನು ವಿವರಿಸಲು ನನಗೆ ಬಲು ಇಷ್ಟ.

ಡೌ ಘಟಕದಲ್ಲಿ ಪ್ಲಾಸ್ಟಿಕ್‌ನ ಮೂಲವಸ್ತು ಮಾಡುವಾಗ ಹೈಡ್ರೋಜನ್ ಉಪಉತ್ಪನ್ನವಾಗಿ ಬರುತ್ತದೆ. ಅವರು ಅದನ್ನು ಉರಿಸುತ್ತಿದ್ದರು. ಯಾರಾ ಕಂಪನಿಗೆ ಅಮೋನಿಯಾ ಮಾಡಲು ಬೇಕಾದದ್ದೇ ಹೈಡ್ರೋಜನ್. ಅವರು ನೈಸರ್ಗಿಕ ಅನಿಲ ಒಡೆದು ಅದನ್ನು ತಯಾರಿಸುತ್ತಿದ್ದರು. ಇಬ್ಬರ ನಡುವೆ ನೆಲದಡಿ ನೈಸರ್ಗಿಕ ಅನಿಲದ 12 ಕಿಲೋಮೀಟರ್ ಪೈಪ್‌ಲೈನ್ ಇತ್ತು. ಡಚ್ ಅನಿಲ ಸಾಗಣೆ ಕಂಪನಿ ಗ್ಯಾಸುನಿ ಅದನ್ನು ಹೈಡ್ರೋಜನ್‌ಗೆ ಹೊಂದಿಸಿತು. 2018ರ ನವೆಂಬರ್‌ನಲ್ಲಿ ಹರಿಯಲು ಶುರುವಾಯಿತು. ಹೊಸ ಕಾರ್ಖಾನೆ ಬೇಕಾಗಲಿಲ್ಲ, ಇದ್ದ ಪೈಪ್ ಸಾಕಾಯಿತು.

ಯಾರಾ ಕಾರ್ಖಾನೆಯಿಂದ ಇನ್ನೊಂದು ಜೋಡಿ ಪೈಪ್ ಟರ್ನ್ಯೂಜನ್‌ನ ಗಾಜಿನ ಮನೆಗಳಿಗೆ ಹೋಗುತ್ತದೆ. ಒಂದರಲ್ಲಿ ಉಳಿದ ಶಾಖ, ಇನ್ನೊಂದರಲ್ಲಿ ಇಂಗಾಲದ ಡೈಆಕ್ಸೈಡ್. ಚಳಿಗಾಲದಲ್ಲಿ ಬೆಚ್ಚಗಿರಲು ಶಾಖ ಬೇಕು, ಗಿಡ ಬೆಳೆಯಲು ಅನಿಲ ಬೇಕು. ಒಳಗೆ ಟೊಮೆಟೊ, ದೊಣ್ಣೆಮೆಣಸಿನಕಾಯಿ, ಬದನೆ ಬೆಳೆಯುತ್ತಾರೆ. ಗೊಬ್ಬರದ ಕಾರ್ಖಾನೆಯ ಬಿಸಿಯಲ್ಲಿ ಬೆಳೆದ ಬದನೆಕಾಯಿಗೆ ಒಂದು ದಿನ ಎಣ್ಣೆಗಾಯಿ ಮಾಡಿದ್ದೆ. ರುಚಿಗೇನೂ ಕಡಿಮೆ ಇರಲಿಲ್ಲ.

ಗೆಂಟ್ ಕಡೆ ಉಕ್ಕಿನ ಕುಲುಮೆಯ ಅನಿಲದಿಂದ ಪಕ್ಕದ ಸ್ಥಾವರದಲ್ಲಿ ವಿದ್ಯುತ್ ಮಾಡುತ್ತಾರೆ. ಅದೇ ಅನಿಲದ ಇನ್ನೊಂದು ಪಾಲನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿ ಎಥನಾಲ್ ಮಾಡುವ ಸ್ಟೀಲನಾಲ್ ಘಟಕ 2022ರ ಕೊನೆಗೆ ಉದ್ಘಾಟನೆಯಾಯಿತು. ವರ್ಷಕ್ಕೆ 8 ಕೋಟಿ ಲೀಟರ್‌ನ ಲೆಕ್ಕದಲ್ಲಿ ಕಟ್ಟಿದ್ದು.

ಇದೆಲ್ಲ ಆಗುವುದು ಪಕ್ಕಪಕ್ಕದಲ್ಲಿ ಇರುವುದರಿಂದ. ಬಿಸಿನೀರನ್ನು ನೂರು ಕಿಲೋಮೀಟರ್ ಒಯ್ಯಲು ಆಗುವುದಿಲ್ಲ. ಕಾಲುವೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ಸಾರು ದಾಟಿಸುವಷ್ಟು ಸುಲಭವಾಗಿ ಪೈಪ್ ಎಳೆಯಬಹುದಾಯಿತು.

ನಮ್ಮ ಕರ್ನಾಟಕಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಎರಡು ಎಳೆ ಇವೆ. ವೋಲ್ವೊ 1990ರ ದಶಕದ ಕೊನೆಯಲ್ಲಿ ಭಾರತದಲ್ಲಿ ಲಾರಿ ಜೋಡಿಸಲು ಶುರು ಮಾಡಿದ್ದು ನಮ್ಮ ಹೊಸಕೋಟೆಯಲ್ಲಿ. ಗೆಂಟ್‌ನಲ್ಲಿ ಇರುವುದೂ ಅದೇ ಹೆಸರಿನ ದೊಡ್ಡ ಲಾರಿ ಕಾರ್ಖಾನೆ.

ಇನ್ನೊಂದು ಎಳೆ ಬೇಸರದ್ದು. ಬಳ್ಳಾರಿ ಜಿಲ್ಲೆಯ ಕುಡುತಿನಿ ಹತ್ತಿರ 2010ರ ಹೊತ್ತಿಗೆ ಆರ್ಸೆಲರ್‌ಮಿತ್ತಲ್ ಉಕ್ಕಿನ ಕಾರ್ಖಾನೆಗೆ ರೈತರ ಜಮೀನು ತೆಗೆದುಕೊಂಡರು. ಕಾರ್ಖಾನೆ ಏಳಲಿಲ್ಲ. ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಧರಣಿ ಕೂತರು. ಗೆಂಟ್‌ನ ಕುಲುಮೆ ಪಕ್ಕ ಹೋದಾಗಲೆಲ್ಲ ನನಗೆ ಆ ಖಾಲಿ ನೆಲ ನೆನಪಾಗುತ್ತದೆ.

## ಸ್ವಲ್ಪ ಆಳಕ್ಕೆ ಇಳಿದರೆ

ಹೊಸ ಲಾಕ್ ಇರೋದು ನೆದರ್ಲೆಂಡ್ಸ್‌ನಲ್ಲಿ. ಬೆಲ್ಜಿಯಂ ಯಾಕೆ ದುಡ್ಡು ಕೊಡ್ತು?

ಲಾಭ ಹೆಚ್ಚು ಆಗುವುದು ಗೆಂಟ್‌ಗೆ, ಅದಕ್ಕೆ. ಟರ್ನ್ಯೂಜನ್‌ನಲ್ಲಿ 1968ರಲ್ಲಿ ತೆರೆದ ಪಶ್ಚಿಮ ಲಾಕ್ 40 ಮೀಟರ್ ಅಗಲ. ಹೊಸದು ಬರುವವರೆಗೆ ದೊಡ್ಡ ಹಡಗಿಗೆ ಅದೊಂದೇ ಬಾಗಿಲಾಗಿತ್ತು. ಅದು ಕೆಟ್ಟರೆ ಉಕ್ಕಿನ ಕಾರ್ಖಾನೆಗೆ ಅದಿರು ಇರುತ್ತಿರಲಿಲ್ಲ. ಹೊಸದು 427 ಮೀಟರ್ ಉದ್ದ, 55 ಮೀಟರ್ ಅಗಲ. ಪನಾಮಾ ಕಾಲುವೆಯ ಹೊಸ ಲಾಕ್‌ಗಳ ಉದ್ದ ಅಗಲವೂ ಇಷ್ಟೇ.

ಫ್ಲಾಂಡರ್ಸ್ ಸರಕಾರ ಮತ್ತು ನೆದರ್ಲೆಂಡ್ಸ್ 2015ರಲ್ಲಿ ಒಪ್ಪಂದ ಮಾಡಿಕೊಂಡವು. ಖರ್ಚು ಸುಮಾರು 120 ಕೋಟಿ ಯೂರೋ. ದೊಡ್ಡ ಪಾಲು ಫ್ಲಾಂಡರ್ಸ್ ಕೊಟ್ಟಿತು, ಯುರೋಪಿಯನ್ ಒಕ್ಕೂಟವೂ ಕೊಟ್ಟಿತು. 2024ರ ಅಕ್ಟೋಬರ್ 11ರಂದು ಉದ್ಘಾಟನೆಗೆ ಎರಡೂ ದೇಶದ ದೊರೆಗಳು ಬಂದರು. 1830ರಲ್ಲಿ ಮುಚ್ಚಿದ್ದ ಬಾಗಿಲನ್ನು ಈಗ ಇಬ್ಬರೂ ಒಟ್ಟಿಗೆ ನಿಂತು ತೆರೆದದ್ದು ನೋಡಿ ಮನಸ್ಸು ತುಂಬಿತು.

ಒಂದು ಮಾತು. ಲಾಕ್ ದೊಡ್ಡದಾದ ತಕ್ಷಣ ಎಲ್ಲ ದೊಡ್ಡ ಹಡಗೂ ಗೆಂಟ್‌ಗೆ ಬರುವುದಿಲ್ಲ. ಒಳಗಿನ ಕಾಲುವೆಯ ಆಳ ಮೊದಲಿನಷ್ಟೇ ಇದೆ. ಜೆಲ್ಜಾಟೆಯಲ್ಲಿ ಕಾಲುವೆಯ ಕೆಳಗೆ ಹೆದ್ದಾರಿಯ ಸುರಂಗ ಹೋಗುತ್ತದೆ, ಅದರ ಮೇಲೆ ಮನಸ್ಸಿಗೆ ಬಂದಷ್ಟು ಅಗೆಯುವಂತಿಲ್ಲ.

ಗೇಟು ತೆಗೆದಾಗೆಲ್ಲ ಉಪ್ಪುನೀರು ಒಳಗೆ ನುಗ್ಗಲ್ವಾ?

ನುಗ್ಗುತ್ತದೆ. ಲಾಕ್ ದೊಡ್ಡದಾದಷ್ಟೂ ಜಾಸ್ತಿ. ಉಪ್ಪುನೀರು ಭಾರ, ತಳದಲ್ಲೇ ಒಳಕ್ಕೆ ತೆವಳುತ್ತದೆ. ಅದನ್ನು ಹಿಂದಕ್ಕೆ ತಳ್ಳಲು ದಕ್ಷಿಣದಿಂದ ಸಿಹಿನೀರು ಬರುತ್ತಿರಬೇಕು. 1960ರ ಒಪ್ಪಂದದ ಪ್ರಕಾರ ಬೆಲ್ಜಿಯಂ ಸರಾಸರಿ ಸೆಕೆಂಡಿಗೆ 13 ಘನ ಮೀಟರ್ ನೀರು ಗಡಿಯಾಚೆ ಬಿಡಬೇಕು.

ಮಳೆ ಚೆನ್ನಾಗಿದ್ದರೆ ತೊಂದರೆಯಿಲ್ಲ. ಬೇಸಿಗೆ ಒಣಗಿದಾಗ ಅಷ್ಟು ನೀರು ಹೊಂದಿಸುವುದು ಕಷ್ಟ. ಕಾವೇರಿ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮಳೆಯಿಲ್ಲದ ವರ್ಷ ಕಾಗದದ ಮೇಲಿನ ಅಂಕಿಗೂ ನದಿಯಲ್ಲಿರುವ ನೀರಿಗೂ ತಾಳೆಯಾಗುವುದಿಲ್ಲ.

ಕಂಪನಿ ಮುಳುಗಿದ್ರೆ ಆ ಜಾಗದ ಗತಿ ಏನು?

ಫ್ಲಿಸಿಂಗನ್‌ನ ಥರ್ಮ್‌ಫೋಸ್ ಕಥೆ ಕೇಳಿ. ಯುರೋಪಿಯನ್ ಒಕ್ಕೂಟದಲ್ಲಿ ಬಿಳಿ ರಂಜಕ ಮಾಡುತ್ತಿದ್ದ ಏಕೈಕ ಕಾರ್ಖಾನೆ ಅದು. 2012ರ ನವೆಂಬರ್‌ನಲ್ಲಿ ದಿವಾಳಿಯಾಯಿತು. ಗಾಳಿ ತಗಲಿದರೆ ಹೊತ್ತಿಕೊಳ್ಳುವ ರಂಜಕ, ವಿಕಿರಣ ಇರುವ ಕಸ, ಎಲ್ಲ ಅಲ್ಲೇ ಉಳಿಯಿತು. ಜಾಗ ಬಂದರಿನದು. ಕಂಪನಿ ಹೋಯಿತು, ಶುಚಿ ಮಾಡುವ ಹೊರೆ ಬಂದರು ಮತ್ತು ಸರಕಾರದ ಮೇಲೆ ಬಿತ್ತು, ಅಂದರೆ ಜನರ ದುಡ್ಡಿನ ಮೇಲೆ. ವರ್ಷಗಟ್ಟಲೆ ಹಿಡಿಯಿತು.

ನಮ್ಮಲ್ಲಿ ಬಂದರಿನ ಪಕ್ಕ ಹೊಸ ಘಟಕ ಬರುತ್ತದೆ ಅಂದಾಗ ಎಷ್ಟು ಉದ್ಯೋಗ ಎಂದು ಕೇಳುತ್ತೇವೆ. ಹೋಗುವಾಗ ಗುಡಿಸಿ ಹೋಗಲು ಎಷ್ಟು ದುಡ್ಡು ಮೊದಲೇ ಇಟ್ಟಿದ್ದಾರೆ ಅಂತಲೂ ಕೇಳಬೇಕು.

ಹಸಿರು ಉಕ್ಕು ಮಾಡ್ತೀವಿ ಅಂದಿದ್ರಲ್ಲ, ಏನಾಯ್ತು?

2021ರಲ್ಲಿ ಆರ್ಸೆಲರ್‌ಮಿತ್ತಲ್‌ನವರು ಗೆಂಟ್ ಕಾರ್ಖಾನೆಗೆ 110 ಕೋಟಿ ಯೂರೋ ಯೋಜನೆ ಘೋಷಿಸಿದರು. ಕಲ್ಲಿದ್ದಲಿನ ಕುಲುಮೆಯ ಬದಲು ಅನಿಲದಿಂದ, ಮುಂದೆ ಹೈಡ್ರೋಜನ್‌ನಿಂದ ಅದಿರು ಕರಗಿಸದೆ ಕಬ್ಬಿಣ ಮಾಡುವ ಘಟಕ, ಜೊತೆಗೆ ಎರಡು ವಿದ್ಯುತ್ ಕುಲುಮೆ. 2024ರ ನವೆಂಬರ್‌ನಲ್ಲಿ ಕಂಪನಿ ಯುರೋಪಿನ ಇಂಥ ಯೋಜನೆಗಳ ಅಂತಿಮ ತೀರ್ಮಾನ ಮುಂದೂಡಿತು. ಹಸಿರು ಹೈಡ್ರೋಜನ್ (ಗಾಳಿ, ಬಿಸಿಲಿನಂಥ ಮೂಲದ ವಿದ್ಯುತ್‌ನಿಂದ ಮಾಡುವುದು) ದುಬಾರಿ, ಹೊರಗಿನಿಂದ ಅಗ್ಗದ ಉಕ್ಕು ಬರುತ್ತಿದೆ ಎಂದು ಕಾರಣ ಕೊಟ್ಟರು. ಕಾರ್ಖಾನೆಯವರ ಆತಂಕ ಸುಳ್ಳಲ್ಲ. ಆದರೆ ಹಳೆಯ ಕುಲುಮೆಗೂ ವಯಸ್ಸಾಗುತ್ತಿದೆ, ಹೊಗೆಯಲ್ಲಿ ಬಿಡುವ ಇಂಗಾಲಕ್ಕೆ ಕೊಡಬೇಕಾದ ಬೆಲೆಯೂ ಏರುತ್ತಿದೆ. ಕಾದಷ್ಟೂ ದಾರಿ ಕಿರಿದಾಗುತ್ತದೆ.

ಮಧ್ಯದಲ್ಲಿದ್ದ ಹಳ್ಳಿಗಳು?

ಕೆಲವು ಕಡೆ ಧಕ್ಕೆ ಅಗಲವಾಗುತ್ತಾ ಮನೆಗಳು ಹೋದವು. ಉಳಿದ ಊರುಗಳ ಸುತ್ತ, ಡೆಸ್ಟೆಲ್‌ಡೊಂಕ್, ಸಿಂಟ್ ಕ್ರೌಸ್ ವಿಂಕಲ್, ರೀಮೆ ಥರದ ಕಡೆ, ಕಾರ್ಖಾನೆಗೂ ಮನೆಗೂ ನಡುವೆ ಮರ, ದಿಬ್ಬ ಇರುವ ಹಸಿರು ಪಟ್ಟಿ ಬಿಟ್ಟಿದ್ದಾರೆ. ಒಳ್ಳೆಯದೇ. ಆದರೂ ಕಿಟಕಿಯ ಮೇಲೆ ಕೂರುವ ಧೂಳನ್ನು ಮರ ಪೂರ್ತಿ ತಡೆಯುವುದಿಲ್ಲ. ಆ ಹಳ್ಳಿಯವರ ಮಾತು ಕೇಳದೆ ಬಂದರಿನ ಕಥೆ ಹೇಳಬಾರದು.

ಬಂದಾಗ ನೋಡ್ಬೇಕು ಅಂದ್ರೆ ಎಲ್ಲಿ ನಿಲ್ಬೇಕು?

ಒಂದೇ ದಿನ ಇದ್ದರೆ ಟರ್ನ್ಯೂಜನ್ ಲಾಕ್‌ಗೆ ಹೋಗಿ, ಅಲ್ಲಿ ಮಾಹಿತಿ ಕೇಂದ್ರವೂ ಇದೆ. ಫ್ಲಿಸಿಂಗನ್‌ನ ಸಮುದ್ರದ ದಂಡೆಯಲ್ಲಿ ಬೆಂಚಿನ ಮೇಲೆ ಕೂತರೆ ಆಂಟ್‌ವರ್ಪ್‌ಗೆ ಹೋಗುವ ದೈತ್ಯ ಹಡಗುಗಳು ತೀರಾ ಹತ್ತಿರದಲ್ಲಿ ಸಾಗುತ್ತವೆ.

ನನ್ನನ್ನು ಕೇಳಿದರೆ ಟೆರ್‌ಡೊಂಕ್ ದೋಣಿ ಹತ್ತಿ. ಗೆಂಟ್‌ನ ಉತ್ತರಕ್ಕೆ ಕಾಲುವೆ ದಾಟಿಸುವ ಸರಕಾರಿ ದೋಣಿ, ದುಡ್ಡಿಲ್ಲ. ಸೈಕಲ್, ಕಾರು, ಕೆಲಸ ಮುಗಿಸಿದ ಕಾರ್ಮಿಕರು, ಎಲ್ಲ ಒಟ್ಟಿಗೆ ಹತ್ತುತ್ತಾರೆ. ಒಂದು ಕಡೆ ದನ ಮೇಯುವ ಹುಲ್ಲು, ಇನ್ನೊಂದು ಕಡೆ ಉಕ್ಕಿನ ಕಾರ್ಖಾನೆ. ಅದಿರು ಹೊತ್ತ ಹಡಗು ಬರುತ್ತಿದ್ದರೆ ದೋಣಿಯವರು ದಡದಲ್ಲೇ ಕಾಯುತ್ತಾರೆ. ಹಡಗು ದಾಟಿದ ಮೇಲೆ ಅಲೆ ಬಂದು ದೋಣಿಯನ್ನು ಎರಡು ಸಲ ತೂಗುತ್ತದೆ, ಆಮೇಲೆ ಹೊರಡುತ್ತಾರೆ.